ಎಲ್ಲರ ಚೀಲದಲ್ಲೂ ಒಂದು ಔಷಧಿ ಬಾಟಲಿ

ನಾನು ಹಲ್ಲು ಮಾಡುವವನು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಆ ಬಾಯಿಗೆ ಹೊಂದುವ ಸೆಟ್ಟು ಮಾಡಿ ವಾಪಸ್ ಕಳಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಎಷ್ಟು ಜನ ನಾನು ಮಾಡಿದ ಹಲ್ಲು ಬಿಟ್ಟು ನಗುತ್ತಿದ್ದಾರೋ ನನಗೇ ಗೊತ್ತಿಲ್ಲ, ಅವರಲ್ಲಿ ಒಬ್ಬರೂ ನನ್ನ ಮುಖ ನೋಡಿದವರಲ್ಲ. ಕೆಲಸದ ಕೋಣೆ ಮನೆಯ ಹಿಂಭಾಗದಲ್ಲೇ ಇದೆ. ಬೆಳಿಗ್ಗೆ ಅಚ್ಚುಗಳ ಡಬ್ಬಿ ತರುವವನು ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೊರಡುತ್ತಾನೆ. ಅಲ್ಲಿಗೆ ಆ ದಿನದ ಮಾತುಕತೆ ಮುಗಿಯಿತು. ಹೀಗಿರುವವನಿಗೆ ಭಾನುವಾರ ಮಧ್ಯಾಹ್ನ ಮೂರರಿಂದ ಏಳು ಗಂಟೆಯವರೆಗೆ ಊಟದ ಮೇಜಿನ ಸುತ್ತ ಮೂರು ಜನ ಬಂದು ಕೂರುತ್ತಾರೆಂದರೆ ಅದು ಸಣ್ಣ ವಿಷಯವಲ್ಲ. ಮಿಕ್ಕ ಆರು ದಿನವನ್ನು ನಾನು ಆ ನಾಲ್ಕು ಗಂಟೆಗೋಸ್ಕರ ತಳ್ಳುತ್ತಿದ್ದೆ. ಅದೊಂದು ಕೈಬಿಟ್ಟು ಹೋಗದಿದ್ದರೆ ಸಾಕು ಅನ್ನುವುದೇ ನನ್ನ ಆಸೆಯಾಗಿತ್ತು.

ನಾವು ಆಡುತ್ತಿದ್ದುದು ದಾಳದ ಆಟ, ಹಾಗಂತ ಜೂಜಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗಿನ ಮನುಷ್ಯರಾಗುತ್ತಾರೆ. ಗುಹೆ ಹೊಕ್ಕರೆ ಹಾವು ಬರುತ್ತದೆ, ಹಾವಿಗೆ ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿಯೊಬ್ಬನಿಗೂ ಒಂದು ಕಸುಬು. ಕತ್ತಿ ಹಿಡಿಯುವವನು ಯೋಧ, ಮಂತ್ರ ಹಾಕುವವನು ಮಾಂತ್ರಿಕ, ಗಾಯಕ್ಕೆ ಮದ್ದು ಹಚ್ಚುವವಳು ವೈದ್ಯೆ. ಕಥೆ ನಡೆಸುವುದೂ ನಾನೇ, ಕಸುಬುಗಳ ನಿಯಮ ಬರೆದಿಟ್ಟ ದಪ್ಪ ನೋಟ್‌ಬುಕ್ಕಿನ ಯಜಮಾನನೂ ನಾನೇ. ಅಂಗಡಿಯಲ್ಲಿ ಸಿಗುವ ನಿಯಮದ ಪುಸ್ತಕ ನನಗೆ ಹಿಡಿಸಲಿಲ್ಲ. ಬೇರೆಯವರು ಮಾಡಿದ ಯಾವುದೂ ನನಗೆ ಅಷ್ಟು ಸುಲಭಕ್ಕೆ ಹಿಡಿಸುವುದಿಲ್ಲ, ಅದು ನನ್ನ ಹಳೆಯ ರೋಗ.

ನಮ್ಮ ಯೋಧ ಬೀಗ ರಿಪೇರಿಯವರು. ಎರಡು ಬಾಗಿಲಿನಷ್ಟು ಅಗಲದ ಮನುಷ್ಯ, ಕುರ್ಚಿ ಮೇಲೆ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಮಾಂತ್ರಿಕರು ಲೆಕ್ಕದ ಮೇಷ್ಟ್ರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಇಬ್ಬರೂ ನನ್ನನ್ನು ತಮಾಷೆಗೆ ಡಾಕ್ಟ್ರೇ ಅನ್ನುತ್ತಿದ್ದರು. ವೈದ್ಯೆ ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ. ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಟ್ಟುಕೊಂಡು ಕೊಡುವ ಕೌಂಟರಿನಲ್ಲಿ ಅವಳ ಕೆಲಸ. ಒಂದು ಸಲ ಯಾರೋ ಬಿಟ್ಟುಹೋದ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು, "ನಿಂದೇನಾ ನೋಡೋ, ನಿಂದಾಗಿದ್ರೆ ಯಜಮಾನರನ್ನ ಹುಡುಕ್ಬಹುದು" ಅಂದಿದ್ದಳು. ನನ್ನದಾಗಿರಲಿಲ್ಲ. ಅಷ್ಟು ಕೆಟ್ಟ ಕೆಲಸ ನಾನು ಮಾಡುವುದಿಲ್ಲ ಎಂದು ಅರ್ಧ ಗಂಟೆ ಅವಳ ತಲೆ ತಿಂದೆ.

ಅಕ್ಕ ಮದ್ದು ಹಚ್ಚುವ ರೀತಿಯೇ ಬೇರೆ. ನಿಯಮದ ಪ್ರಕಾರ ಒಂದು ಸಲ ದಾಳ ಹಾಕಿ, ಬಿದ್ದಷ್ಟು ಅಂಕ ಗಾಯಾಳುವಿನ ಜೀವಕ್ಕೆ ಸೇರಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಅವಳು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಮೊದಲು "ಎಲ್ಲಿ ತಾಗ್ತು?" ಅಂತ ಕೇಳಬೇಕು. ಬೀಗದವರು ನಿಜವಾದ ಅಂಗಿಯ ತೋಳನ್ನೇ ಮಡಚಿ ಮೇಜಿನ ಮೇಲೆ ಕೈ ಚಾಚುತ್ತಿದ್ದರು. ಅಕ್ಕ ತಾನೇ ಬಣ್ಣದ ಪೆನ್ಸಿಲಿನಲ್ಲಿ ಬರೆದು ಮಾಡಿಕೊಂಡ ಗಿಡಮೂಲಿಕೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು, "ಇದು ಉರಿಯುತ್ತೆ, ತಡ್ಕೋಬೇಕು" ಅಂತ ಆ ಕೈ ಮೇಲೆ ಇಡುತ್ತಿದ್ದಳು. "ಅಯ್ಯೋ ಅಕ್ಕಾ, ಮೆಲ್ಲಗೆ" ಅಂತ ಆ ಗಜಗಾತ್ರದ ಮನುಷ್ಯ ಕಣ್ಣು ಮುಚ್ಚುತ್ತಿದ್ದರು. ಹಾಗೇ ಮಾತಿಗೆ ಮಾತು ಬೆಳೆದು ಅವರ ನಿಜವಾದ ಮೊಣಕಾಲು ನೋವು, ಮಗಳು ಫೋನ್ ಮಾಡದೆ ಮೂರು ವಾರ ಆಯಿತು ಅನ್ನುವುದು, ಎಲ್ಲ ಆಚೆ ಬರುತ್ತಿತ್ತು. ಮೇಷ್ಟ್ರು ಮಾತ್ರ ಗಡಿಯಾರ ನೋಡುತ್ತಿದ್ದರು. ಅಷ್ಟಾದರೂ ತಮ್ಮ ಸರದಿ ಬಂದಾಗ ಅವರೂ ಕತ್ತು ಚಾಚಿ "ಇಲ್ಲಿ, ಸ್ವಲ್ಪ ಹಿಂದೆ" ಅನ್ನದೆ ಇರುತ್ತಿರಲಿಲ್ಲ.

ಗ್ರಹಚಾರ ಶುರುವಾದದ್ದು ಒಂದು ಪಟ್ಟಿಯಿಂದ. ಮೇಷ್ಟ್ರು ಹನ್ನೆರಡು ವಾರದಿಂದ ಯಾರು ಎಷ್ಟು ಪೆಟ್ಟು ಕೊಟ್ಟರೆಂದು ಗುಟ್ಟಾಗಿ ಬರೆದಿಟ್ಟಿದ್ದರಂತೆ. ಒಂದು ಭಾನುವಾರ ಅಕ್ಕ ಹೊರಟ ಮೇಲೆ ನನ್ನ ಮುಂದೆ ಹಿಡಿದರು. ಯೋಧ ನಾನೂರ ಹನ್ನೆರಡು, ಮಾಂತ್ರಿಕ ಮುನ್ನೂರ ತೊಂಬತ್ತೆಂಟು, ವೈದ್ಯೆ ಮೂವತ್ತೊಂದು.

"ನಿಮ್ಮ ಕಸುಬುಗಳಲ್ಲಿ ಬ್ಯಾಲೆನ್ಸ್ ಇಲ್ಲ ಡಾಕ್ಟ್ರೇ," ಅಂದರು. "ಅಕ್ಕ ಬರೀ ಬ್ಯಾಂಡೇಜ್ ಕಟ್ಕೊಂಡು ಕೂತಿರ್ತಾರೆ. ಅವ್ರಿಗೂ ಬೇಜಾರಾಗಲ್ವಾ? ಆಮೇಲೆ ಅವತ್ತು ಅವರ ಬಸ್ಸು ಲೇಟಾಗಿ ನಾವೆಲ್ಲ ಗುಹೆ ಬಾಗಿಲಲ್ಲಿ ಒಂದು ಗಂಟೆ ಕಾದ್ವಿ. ವೈದ್ಯರಿಲ್ದೆ ಒಳಗೆ ಹೋದ್ರೆ ಹೆಣ ಬೀಳುತ್ತೆ ಅಂತ. ಒಬ್ರ ಮೇಲೇ ಆಟ ನಿಂತ್ಕೊಂಡ್ರೆ ಅದೆಂಥ ನಿಯಮ?"

ಆ ಮೂವತ್ತೊಂದನ್ನು ಎರಡು ಸಲ ಓದಿದೆ. ನಾನು ಬರೆದ ನಿಯಮದಿಂದ ನನ್ನ ಅಕ್ಕನಿಗೇ ಅನ್ಯಾಯವಾಗಿದೆ ಅಂತ ನಾಚಿಕೆಯಾಯಿತು. ಜೊತೆಗೆ ಒಂದು ಹೆದರಿಕೆಯೂ ಹೊಕ್ಕಿತು, ಅದನ್ನೂ ಹೇಳಿಬಿಡುತ್ತೇನೆ. ಬೇಜಾರಾಗಿ ಅವಳು ಬರುವುದನ್ನೇ ನಿಲ್ಲಿಸಿದರೆ? ಒಬ್ಬರು ಬಿಟ್ಟರೆ ಇನ್ನೊಬ್ಬರು ಬಿಡುತ್ತಾರೆ, ಆಮೇಲೆ ಉಳಿಯುವುದು ನಾನೂ ನನ್ನ ಪ್ಲಾಸ್ಟರಿನ ಬಾಯಿ ಅಚ್ಚುಗಳೂ.

ಎರಡು ತಿಂಗಳು ಅದರ ಹಿಂದೆ ಬಿದ್ದೆ. ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದ ವಸಡು ಬಿಸಿನೀರಿನಲ್ಲಿ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಆ ಹೊತ್ತಲ್ಲೆಲ್ಲ ಕೆಲಸದ ಮೇಜಿನ ಮೇಲೆ ದಾಳ ಉರುಳಿಸುತ್ತಾ ಮೂರೂ ಕಸುಬುಗಳ ಪರವಾಗಿ ನಾನೊಬ್ಬನೇ ಹೊಡೆದಾಡಿದೆ. ಯೋಧನ ಕವಚದಿಂದ ಒಂದು ಅಂಕ ಕಿತ್ತೆ, ಮಾಂತ್ರಿಕನ ಬೆಂಕಿಯನ್ನು ದಿನಕ್ಕೆ ಮೂರು ಸಲಕ್ಕೆ ಇಳಿಸಿದೆ. ವೈದ್ಯೆಯ ಕೈಗೆ ಕಬ್ಬಿಣದ ಕಟ್ಟು ಹಾಕಿದ ಕೋಲು ಕೊಟ್ಟೆ. ಅದರ ಪೆಟ್ಟು ಕತ್ತಿಯ ಪೆಟ್ಟಿಗೆ ಸಮ. ಹಾಗೆ ಮಾಡಿದರೆ ಮದ್ದು ಹಚ್ಚಲು ಅವಳಿಗೆ ಸರದಿ ಉಳಿಯುವುದಿಲ್ಲವಲ್ಲ, ಅದಕ್ಕೆ ಎಲ್ಲರ ಚೀಲಕ್ಕೂ ಒಂದು ಔಷಧಿ ಬಾಟಲಿ ಹಾಕಿದೆ. ಕುಡಿದರೆ ಗಾಯ ವಾಸಿ, ರಾತ್ರಿ ಮಲಗಿ ಎದ್ದರೆ ಬಾಟಲಿ ಮತ್ತೆ ಭರ್ತಿ. ಸಾವಿರದ ಇನ್ನೂರು ಸಲ ದಾಳ ಹಾಕಿ ನೋಡಿದಾಗ ಮೂರೂ ಕಸುಬಿನ ಅಂಕ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿತು. ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಟ್ಟಲು ಬೇರೆ ಯಾರೂ ಇರಲಿಲ್ಲ.

ಹೊಸ ನಿಯಮದ ಮೊದಲ ಭಾನುವಾರ ಆಟ ಗಾಳಿಯಂತೆ ಓಡಿತು. ಬೀಗದವರಿಗೆ ಭುಜಕ್ಕೆ ಬಾಣ ತಾಗಿದಾಗ ಅಕ್ಕ ಎಂದಿನಂತೆ ಮುಂದೆ ಬಾಗಿ ಚೀಟಿಗಳ ಡಬ್ಬಿ ತೆರೆದಳು.

"ಎಲ್ಲಿ ತಾಗ್ತು? ನೋಡ್ಲಾ?"

"ಬೇಡ ಬಿಡಿ ಅಕ್ಕಾ, ನನ್ನತ್ರ ಬಾಟ್ಲಿ ಇದೆಯಲ್ಲ," ಅಂತ ಬೀಗದವರು ಕೈಯಲ್ಲೇ ಬಾಟಲಿ ಎತ್ತಿ ಕುಡಿದಂತೆ ಮಾಡಿ ಎಲ್ಲರನ್ನೂ ನಗಿಸಿದರು. ಅಕ್ಕನೂ ನಕ್ಕಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರಿಗೆ ವಿಷ ಏರಿತು. ಅವರೂ ಬಾಟಲಿ ಕುಡಿದರು. ಮೂರನೆಯ ಸಲ ಅಕ್ಕ ಕೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ಕೋಲು ಎತ್ತಿ, ಗುಹೆಯ ಕೊನೆಯಲ್ಲಿದ್ದ ಎರಡು ತಲೆಯ ಕರಡಿಯನ್ನು ಒಂದೇ ಪೆಟ್ಟಿಗೆ ಕೆಡವಿದಳು. ದಾಳದಲ್ಲಿ ಇಪ್ಪತ್ತು ಬಿದ್ದಿತ್ತು. ಮೇಷ್ಟ್ರು ಚಪ್ಪಾಳೆ ಹೊಡೆದರು. "ನೋಡಿ, ಈಗ ಅಕ್ಕನ ಕಸುಬು ಕಸುಬು!" ಅಂದರು. ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು ನನಗೆ. ಎಂದೂ ಏಳಕ್ಕೆ ಮೊದಲು ಮುಗಿಯದ ಆಟ ಐದೂಮುಕ್ಕಾಲಿಗೇ ಮುಗಿದಿತ್ತು. ಅದೂ ನಿಯಮ ಚೆನ್ನಾಗಿರುವುದರ ಗುರುತು ಅಂದುಕೊಂಡೆ.

ಮುಂದಿನ ಭಾನುವಾರ ಅಕ್ಕ ಬರಲಿಲ್ಲ. ಕೌಂಟರಿನಲ್ಲಿ ಕೆಲಸ ಜಾಸ್ತಿ ಅಂತ ಮೆಸೇಜು. ಅದರ ಮುಂದಿನ ವಾರ ತಲೆನೋವು. ಮೂರನೆಯ ವಾರ ಕಾರಣವನ್ನೂ ಕೊಡಲಿಲ್ಲ. ನಾನು ಎಂಥ ಪೆದ್ದನೆಂದರೆ, ಕೋಲು ಇನ್ನೂ ಸಾಲದಾಯಿತೇನೋ ಎಂದು ತಲೆಕೆಡಿಸಿಕೊಂಡೆ. ಮತ್ತೆ ದಾಳ, ಮತ್ತೆ ನೋಟ್‌ಬುಕ್ಕು. "ಅಕ್ಕಾ, ನಿನ್ನ ಕೋಲಿಗೆ ಇನ್ನೆರಡು ಅಂಕ ಸೇರಿಸಿದ್ದೀನಿ" ಅಂತ ಬರೆದೆ. "ಸರಿ" ಅಂತ ಉತ್ತರ ಬಂತು. ಮುಂದಿನ ವಾರ, "ಕೋಲು ಈಗ ಮಿಂಚು ಕೂಡ ಹೊಡೆಯುತ್ತೆ" ಅಂತ ಬರೆದೆ. "ಒಳ್ಳೇದು" ಅಂತ ಬಂತು.

ಇತ್ತ ಮೇಜಿನ ಬಳಿ ಆಟವೇನೋ ನಡೆಯುತ್ತಿತ್ತು. ಯಾರಿಗೂ ಯಾರ ಹಂಗೂ ಇಲ್ಲ. ಗಾಯವಾದರೆ ಬಾಟಲಿ, ಮತ್ತೆ ದಾಳ, ಮತ್ತೆ ಬಾಟಲಿ. ಬೀಗದವರ ತೋಳು ಮಡಚುವ ಪ್ರಸಂಗವೇ ಬರಲಿಲ್ಲ. ಅವರ ಮಗಳು ಫೋನ್ ಮಾಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಗಾಯದ ನೆಪವಿಲ್ಲದೆ ಅಂಥದ್ದನ್ನೆಲ್ಲ ಹೇಗೆ ಕೇಳುವುದು ಎಂದು ಗೊತ್ತಾಗದೆ "ನಿಮ್ಮ ಸರದಿ" ಅಂದುಬಿಟ್ಟೆ. ಒಂದು ಭಾನುವಾರ ಅವರು ಬರಲಿಲ್ಲ, ಮೇಷ್ಟ್ರೊಬ್ಬರೇ ಆಡಿದರು. ಯಾರೂ ಯಾರಿಗೂ ಕಾಯಲಿಲ್ಲ. ಆಗ ನನ್ನ ತಲೆಯಲ್ಲಿ ಹೊಳೆಯಿತು, ಅಕ್ಕನೂ ಭಾನುವಾರ ಒಬ್ಬಳೇ ಕೂತಿರುತ್ತಾಳೆ, ಮೆಸೇಜು ಬಿಟ್ಟು ಹೋಗಿ ನೋಡಬೇಕು ಅಂತ. ತಡವಾಗಿಯೇ, ಆದರೂ ಹೊಳೆಯಿತು.

ಏಳನೆಯ ವಾರ, ಬುಧವಾರ, ಕೆಲಸದ ಕೋಣೆಗೆ ಬಾಗಿಲು ಹಾಕಿ ಬಸ್ ನಿಲ್ದಾಣಕ್ಕೆ ಹೋದೆ. ಹನ್ನೊಂದನೆಯ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಗಳ ಪಕ್ಕ ಅಕ್ಕನ ಕೌಂಟರು. ಅವಳ ಹಿಂದೆ ಸೂರಿನವರೆಗೆ ಕಬ್ಬಿಣದ ಕಪಾಟು. ಚೀಟಿ ಕಟ್ಟಿದ ಛತ್ರಿಗಳು, ಹೆಲ್ಮೆಟ್ಟುಗಳು, ಊರುಗೋಲು, ಒಂಟಿ ಬೂಟು, ಒಂದು ದೊಡ್ಡ ಗೋಡೆ ಗಡಿಯಾರ. ಅದನ್ನು ಹೊತ್ತುಕೊಂಡು ಹತ್ತಿದವನು ಇಳಿಯುವಾಗ ಹೇಗೆ ಮರೆತನೋ ದೇವರೇ ಬಲ್ಲ. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಫಾರಂ ತುಂಬುತ್ತಿದ್ದಳು. ಸೊರಗಿರುತ್ತಾಳೆ ಅಂದುಕೊಂಡು ಹೋದವನು ನಾನು. ಹಾಗೇನೂ ಕಾಣಲಿಲ್ಲ.

"ಏನೋ ಇಷ್ಟು ದೂರ! ಬಸ್ಸಲ್ಲಿ ಏನಾದ್ರೂ ಬಿಟ್ಯಾ?"

"ಇಲ್ಲಕ್ಕ. ನಿನ್ನ ನೋಡೋಣ ಅಂತ."

ಒಳಗೆ ಕರೆದು, ಸ್ಟೂಲಿನ ಮೇಲಿದ್ದ ಸ್ಕೂಲ್ ಬ್ಯಾಗುಗಳನ್ನು ಕೆಳಗಿಟ್ಟು ಕೂರಿಸಿದಳು. ಫ್ಲಾಸ್ಕಿನ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿದಳು. ನಾನು ಅಡ್ಡಗೋಡೆ ಮೇಲೆ ದೀಪ ಇಡುವವನಲ್ಲ, ನೇರವಾಗಿ ಕೇಳಿದೆ.

"ಯಾಕೆ ಬರ್ತಿಲ್ಲ? ಕೋಲು ಹಿಡಿಸ್ಲಿಲ್ವಾ?"

ಅಕ್ಕ ಟೀ ನೆತ್ತಿಗೇರುವಷ್ಟು ನಕ್ಕಳು. "ಅದ್ಯಾಕೋ ಆ ಕೋಲಿನ ಹಿಂದೆ ಬಿದ್ದಿದೀಯ! ಮಿಂಚು ಬೇರೆ ಹೊಡೆಸಿದ್ಯಲ್ಲೋ ಮಹಾರಾಯ."

"ನಿನ್ನ ಕಸುಬು ಮಿಕ್ಕವ್ರಿಗಿಂತ ಕಮ್ಮಿ ಇತ್ತು. ಅನ್ಯಾಯ ಆಗ್ತಿತ್ತು ನಿಂಗೆ."

"ಕಮ್ಮಿ ಅಂತ ಯಾರು ಹೇಳಿದ್ದು?"

"ಮೇಷ್ಟ್ರು ಪಟ್ಟಿ ಮಾಡಿದ್ರು. ನಿಂದು ಮೂವತ್ತೊಂದೇ ಇತ್ತು."

"ನನ್ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಸಾವಿರದ ಇನ್ನೂರು ಸಲ ದಾಳವನ್ನು ಕೇಳಿದ್ದೆ, ಅಕ್ಕನನ್ನು ಒಂದು ಸಲವೂ ಕೇಳಿರಲಿಲ್ಲ.

"ಅಮ್ಮನ ಹೊತ್ತಲ್ಲೂ ಹೀಗೇ ಮಾಡ್ದೆ ನೀನು," ಅಕ್ಕ ಅಂದಳು. ದನಿಯಲ್ಲಿ ಕೋಪವಿರಲಿಲ್ಲ. "ಮೂರು ವರ್ಷ ನಾನೇ ನೋಡ್ಕೊಂಡೆ. ನಂಗೆ ಭಾರ ಆಗ್ತಿದೆ ಅಂತ ನೀನು ಒಂದಿನ ಆಯಾನ ಕರ್ಕೊಂಡು ಬಂದೆ. ಒಳ್ಳೆ ಹೆಂಗಸು ಪಾಪ. ಆಮೇಲೆ ಅಮ್ಮಂಗೆ ನೀರು ಬೇಕಾದ್ರೂ ಅವಳನ್ನೇ ಕೂಗೋರು. ನಾನು ಆ ಮನೇಲಿ ನೆಂಟರ ಥರ ಕುರ್ಚಿ ಮೇಲೆ ಕೂತಿರ್ತಿದ್ದೆ. ನೀನು ಒಳ್ಳೇದಕ್ಕೇ ಮಾಡಿದ್ದು, ಗೊತ್ತು. ಆದ್ರೂ ಹೊಟ್ಟೆ ಉರೀತು ಕಣೋ."

"ಆಗ್ಲೇ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ನಂಗೆ ಭಾರ ಬೇಕು ಅಂತಾನಾ?"

ಹೊರಗೆ ಒಬ್ಬರು ಬಂದು ಕೊಡೆ ಕೇಳಿದರು. ಅಕ್ಕ ಎದ್ದು, ಯಾವ ಬಣ್ಣ, ಹಿಡಿ ಮರದ್ದೋ ಪ್ಲಾಸ್ಟಿಕ್ಕೋ, ಯಾವ ಬಸ್ಸು ಎಂದೆಲ್ಲ ಕೇಳಿ, ಕಪಾಟು ಹುಡುಕಿ ಕೊಟ್ಟು ಬಂದಳು. ಅಷ್ಟರಲ್ಲಿ ನಾನು ಧೈರ್ಯ ತಂದುಕೊಂಡಿದ್ದೆ.

"ಬಾಟ್ಲಿ ತೆಗೆದುಬಿಡ್ತೀನಿ ಅಕ್ಕಾ. ಕೋಲೂ ಬೇಡ. ಎಲ್ಲ ಮೊದಲಿನ ಥರಾನೇ. ಈ ಭಾನುವಾರ ಬಾ."

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ಭಾನುವಾರ ನಾನು ಬೇರೆ ಕಡೆ ಆಡ್ತೀನಿ ಕಣೋ," ಅಂದಳು. "ಹೇಳ್ಬೇಕು ಹೇಳ್ಬೇಕು ಅಂತ ಹೇಳ್ಲೇ ಇಲ್ಲ. ನಾಲ್ಕು ಜನ ಕಾಲೇಜು ಹುಡುಗೀರು. ದಾಳದ ಚೀಲ ಬಸ್ಸಲ್ಲಿ ಬಿಟ್ಟಿದ್ರು. ಗುರುತು ಹೇಳದೆ ಕೊಡೋ ಹಾಗಿಲ್ವಲ್ಲ, ಎಷ್ಟು ದಾಳ, ಎಷ್ಟು ಮುಖದ್ದು ಅಂತ ಕೇಳ್ದೆ. 'ಆಂಟಿ, ನಿಮಗೆ ಇದೆಲ್ಲ ಹೇಗೆ ಗೊತ್ತು' ಅಂತ ಮುಗಿಬಿದ್ರು. ಅವರಲ್ಲಿ ಯಾರಿಗೂ ವೈದ್ಯೆ ಆಗೋಕೆ ಇಷ್ಟ ಇಲ್ಲ. ಮೂರು ಸಲ ಎಲ್ರೂ ಗುಹೆಯೊಳಗೇ ಸತ್ತಿದ್ರಂತೆ." ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. "ಈಗ ಸಾಯಲ್ಲ. ಒಬ್ಬಳು ಇದಾಳೆ, ಗಾಯ ಆಗ್ದಿದ್ರೂ ಕೈ ಚಾಚ್ತಾಳೆ."

ಅವಳ ಒಂಟಿತನ ಹೋಗಲಾಡಿಸಲು ಬಸ್ಸು ಹತ್ತಿ ಬಂದವನು ನಾನು. ಒಂಟಿ ಯಾರು ಅನ್ನುವುದು ಆ ಸ್ಟೂಲಿನ ಮೇಲೆ ಗೊತ್ತಾಯಿತು. ನೋಡಿರದ ಆ ನಾಲ್ಕು ಹುಡುಗಿಯರ ಮೇಲೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದೇಕೆ?

"ನಾನೂ ಬರ್ಲಾ?" ಅಂದೆ. ಐವತ್ತು ದಾಟಿದ ಗಂಡಸು ಕೇಳುವ ಹಾಗಿರಲಿಲ್ಲ ಆ ದನಿ. "ಕಥೆ ನಡೆಸೋದು ಬೇಡ. ಒಂದು ಮೂಲೇಲಿ ಯಾವ್ದಾದ್ರೂ ಕಸುಬು ಹಿಡ್ಕೊಂಡು ಕೂತಿರ್ತೀನಿ. ನಂಗೆ ನೀನಿಲ್ದೆ ಭಾನುವಾರ ಆಗ್ತಿಲ್ಲ ಅಕ್ಕಾ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಪ್ಲಾಸ್ಟರಿನ ಬಿಳಿ ಉಗುರ ಸಂದಿಯಲ್ಲಿ ಉಳಿದಿತ್ತು, ಅದನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿದಳು.

"ಬೇಡ ಕಣೋ," ಅಂದಳು. "ನೀನು ಬಂದ್ರೆ ಎರಡನೇ ವಾರಕ್ಕೇ ಲೆಕ್ಕ ಹಾಕೋಕೆ ಶುರು ಮಾಡ್ತೀಯ. ಯಾರದ್ದು ಜಾಸ್ತಿ, ಯಾರದ್ದು ಕಮ್ಮಿ ಅಂತ. ನಿಂಗೆ ತಡ್ಕೊಳ್ಳೋಕೇ ಆಗಲ್ಲ. ಆ ಮಕ್ಕಳ ಆಟ ಸ್ವಲ್ಪ ಸೊಟ್ಟಗೇ ಇದೆ. ಹಾಗೇ ಇರ್ಲಿ ಬಿಡು." ಆಮೇಲೆ, "ಬುಧವಾರ ಹೀಗೇ ಬಾ. ಟೀ ಕುಡಿಯೋಣ," ಅಂದಳು. ಹೊರಗೆ ಆಗಲೇ ಮೂರು ಜನ ಸಾಲಾಗಿ ನಿಂತಿದ್ದರು. ನಾನು ಎದ್ದು ಸ್ಕೂಲ್ ಬ್ಯಾಗುಗಳನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟು ಬಂದೆ.

ಮನೆಗೆ ಬಂದವನೇ ಮೇಷ್ಟ್ರಿಗೆ ಫೋನ್ ಮಾಡಿ, ಹಳೆಯ ನಿಯಮಕ್ಕೆ ಹೋಗೋಣ, ಬಾಟಲಿ ಬೇಡ ಅಂದೆ.

"ಅಕ್ಕ ಬರ್ತಾರಾ?" ಕೇಳಿದರು.

"ಇಲ್ಲ."

"ಮತ್ತೆ? ವೈದ್ಯರೂ ಇಲ್ಲ, ಬಾಟ್ಲೀನೂ ಇಲ್ಲ ಅಂದ್ರೆ ಮೊದಲ್ನೇ ಗುಹೇಲೇ ಎರಡು ಹೆಣ. ನೀವೇ ಲೆಕ್ಕ ಹಾಕಿ ನೋಡಿ."

ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿಯಾಗಿತ್ತು. ಬಾಟಲಿಗಳು ಚೀಲದಲ್ಲೇ ಉಳಿದವು.

ಭಾನುವಾರ ನಕ್ಷೆ ಹರಡಿ, ಬಿಸ್ಕತ್ತು ತಟ್ಟೆಗೆ ಹಾಕಿ, ಎಂದಿನಂತೆ ನಾಲ್ಕು ಲೋಟ ಇಟ್ಟು, ಆಮೇಲೆ ಒಂದನ್ನು ತೆಗೆದೆ. ಎರಡೂವರೆಗೆ ಬೀಗದವರ ಫೋನು ಬಂತು. ಮೊಣಕಾಲು ಹಿಡಿದುಕೊಂಡಿದೆಯಂತೆ, ಮಹಡಿ ಇಳಿಯಲು ಆಗುತ್ತಿಲ್ಲವಂತೆ. "ನಾನಿಲ್ದಿದ್ರೂ ನಡೆಯುತ್ತಲ್ಲ ಡಾಕ್ಟ್ರೇ, ಅದೊಂದು ನೆಮ್ಮದಿ," ಅಂದರು. ಮೊದಲಾಗಿದ್ದರೆ ನಡೆಯುತ್ತಿರಲಿಲ್ಲ. ಯೋಧನಿಲ್ಲದೆ ಹೆಜ್ಜೆ ಇಡುವ ಹಾಗಿರಲಿಲ್ಲ. ನಾವು ಮೂವರೂ ಅವರ ಮಹಡಿ ಹತ್ತಿ ಹೋಗಿ ಅವರ ಮಂಚದ ಪಕ್ಕದಲ್ಲೇ ಆಟ ಹರಡುತ್ತಿದ್ದೆವು. ಒಂದು ಸಲ ಹಾಗೆ ಮಾಡಿಯೂ ಇದ್ದೆವು. "ನಡೆಯುತ್ತೆ, ನೀವು ರೆಸ್ಟ್ ತಗೊಳ್ಳಿ," ಅಂದೆ.

ಮೇಷ್ಟ್ರು ಮೂರಕ್ಕೆ ಸರಿಯಾಗಿ ಬಂದರು. ಒಬ್ಬರೇ ಗುಹೆ ಹೊಕ್ಕರು. ಬೆಂಕಿ ಹಾಕಿದರು, ಪೆಟ್ಟು ತಿಂದರು, ಬಾಟಲಿ ಕುಡಿದರು, ಮತ್ತೆ ಬೆಂಕಿ ಹಾಕಿದರು. ಅವರಿಗೆ ಎಲ್ಲಿ ತಾಗಿತು ಎಂದು ಕೇಳೋಣವೆಂದು ನನಗೆ ಒಂದು ಸಲ ಅನ್ನಿಸಿತು. ಅವರು ಆಗಲೇ ಅಂಕ ಅಳಿಸಿ ಹೊಸದು ಬರೆದುಕೊಂಡಿದ್ದರು. ಮೂರು ವಾರಕ್ಕೆಂದು ನಾನು ಕಟ್ಟಿದ್ದ ಗುಹೆಯನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಒಂದು ಮಾತು ಹೇಳ್ತೀನಿ ಡಾಕ್ಟ್ರೇ," ಚಪ್ಪಲಿ ಮೆಟ್ಟುತ್ತಾ ಅಂದರು. ಅವರು ಸುಮ್ಮಸುಮ್ಮನೆ ಹೊಗಳುವ ಮನುಷ್ಯರಲ್ಲ. "ಇಷ್ಟು ಚೆನ್ನಾಗಿ ಬ್ಯಾಲೆನ್ಸ್ ಮಾಡಿದ ಆಟ ನಾನು ಎಲ್ಲೂ ನೋಡಿಲ್ಲ. ಇನ್ನೊಬ್ರು ಬೇಕು ಅಂತ ಒಂದು ಸಲಾನೂ ಅನ್ನಿಸ್ಲಿಲ್ಲ ನೋಡಿ."

ಥ್ಯಾಂಕ್ಸ್ ಅಂದೆ. ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿಕೊಟ್ಟು ಬಂದು ಮೇಜಿನ ಬಳಿ ಕೂತೆ. ಆಗ ನಾಲ್ಕೂವರೆ ಗಂಟೆ.